ಹಣೆಯಲ್ಲಿ ಬೆಳ್ಳಿ ಬೊಟ್ಟಿಟ್ಟ ಬಾವಿಯ ಮೀನು

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ಒಂದು ಹಳ್ಳಿ. ಮನೆ ಎದುರು ಕೆಂಪುಕಲ್ಲು ಕಟ್ಟಿದ ತೆರೆದ ಬಾವಿ ಇದೆ, ಕುಡಿಯುವುದಕ್ಕೂ ಅದೇ ನೀರು. ಮೂರು ಮಳೆಗಾಲದಿಂದ ಅದರಲ್ಲಿ ಬೆರಳುದ್ದದ ಮೀನುಗಳು ಓಡಾಡುತ್ತಿವೆ. ಬಾವಿಕಟ್ಟೆಯಿಂದ ಬಗ್ಗಿ ನೋಡಿದರೆ ಒಂದೊಂದರ ತಲೆಯ ಮೇಲೂ ಬಿಳಿ ಚುಕ್ಕೆ ಹೊಳೆಯುತ್ತದೆ. ಮಾವ “ಅದು ಮಳೆಯ ಜತೆ ಬಿದ್ದ ಮೀನು” ಎನ್ನುತ್ತಾರೆ. ಪಕ್ಕದ ಮನೆಯವರು “ಗಪ್ಪಿ, ಸೊಳ್ಳೆಗೆ ಅಂತ ಯಾರೋ ಬಿಟ್ಟದ್ದು” ಎನ್ನುತ್ತಾರೆ. ಮೊನ್ನೆ ಬಂದ ಆಶಾ ಕಾರ್ಯಕರ್ತೆ ಬಾವಿಗೆ ಬಿಡಲು ಸೊಳ್ಳೆಮರಿ ತಿನ್ನುವ ಗಂಬೂಸಿಯಾ ಮೀನು ತಂದುಕೊಡುತ್ತೇನೆ ಎಂದಿದ್ದಾರೆ. ಈಗ ಇರುವ ಮೀನು ಯಾವುದು? ಗಂಬೂಸಿಯಾ ಬಿಡಬಹುದೇ? ಮೀನಿರುವ ಬಾವಿಯ ನೀರು ಕುಡಿಯಬಹುದೇ? ಮೇಲಿನಿಂದ ತೆಗೆದದ್ದು ಒಂದು, ಗಾಜಿನ ಬಾಟಲಿಯಲ್ಲಿಟ್ಟು ತೆಗೆದದ್ದು ಒಂದು, ಹೀಗೆ ಎರಡು ಚಿತ್ರ ಕಳಿಸಿದ್ದೇನೆ.

ಉತ್ತರ: ಎರಡು ಚಿತ್ರ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಮೇಲಿನಿಂದ ತೆಗೆದ ಚಿತ್ರ ನೋಡಿದಾಗಲೇ ಮೀನಿನ ಕುಲ ಯಾವುದೆಂದು ತಿಳಿಯಿತು. ಬಾಟಲಿಯ ಚಿತ್ರದಲ್ಲಿ ಜಾತಿಯೂ ಖಚಿತವಾಯಿತು, ಅದು ಹೆಣ್ಣು ಎನ್ನುವುದೂ ಗೊತ್ತಾಯಿತು. ನಿಮ್ಮ ಬಾವಿಯಲ್ಲಿರುವುದು ಗಪ್ಪಿಯಲ್ಲ, ಗಂಬೂಸಿಯಾವೂ ಅಲ್ಲ. ಅದು ಪಟ್ಟೆ ಪಂಚಾಕ್ಸ್. ವೈಜ್ಞಾನಿಕ ಹೆಸರು ಅಪ್ಲೊಕೈಲಸ್ ಲಿನಿಯೇಟಸ್. ನಮ್ಮ ತೋಡು (ಸಣ್ಣ ಹಳ್ಳ), ಮದಗ (ಕೆರೆ), ಬೈಲುಗದ್ದೆಗಳಲ್ಲಿ ಎಂದಿನಿಂದಲೂ ಇರುವ ಮೀನು. ಸೊಳ್ಳೆಮರಿ ತಿನ್ನುವ ಕೆಲಸವನ್ನು ಅದು ಈಗಾಗಲೇ ಮಾಡುತ್ತಿದೆ. ಹಾಗಾಗಿ ಎರಡನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗಂಬೂಸಿಯಾ ಬಿಡಬೇಡಿ.

ನಾನು ಹೇಳಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ನೀವೇ ನೋಡಿ ಗುರುತಿಸುವುದು ಒಳ್ಳೆಯದು. ಅದು ಕಷ್ಟದ ಕೆಲಸವೇನಲ್ಲ.

ಹೆಸರಿನಿಂದ ಶುರುಮಾಡೋಣ. ಕಾಸರಗೋಡಿನಿಂದ ಆಚೆ ಮಲಯಾಳದಲ್ಲಿ ಈ ಕುಲದ ಮೀನಿಗೆ ‘ಮಾನತ್ತುಕಣ್ಣಿ’ ಎನ್ನುತ್ತಾರೆ. ಮಾನಂ ಎಂದರೆ ಆಕಾಶ, ಆಕಾಶದ ಮೇಲೆ ಕಣ್ಣಿಟ್ಟವಳು ಎಂಬರ್ಥ. ಇದಕ್ಕಿಂತ ಒಪ್ಪುವ ಹೆಸರು ನಾನು ಕೇಳಿಲ್ಲ. ‘ಪಂಚಾಕ್ಸ್’ ಎಂಬುದು ಬಂಗಾಳದ ಕಡೆಯ ಹೆಸರು. ಫ್ರಾನ್ಸಿಸ್ ಬುಕಾನನ್ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಪುಸ್ತಕ ಬರೆದಾಗ ಅಲ್ಲಿನ ಮೀನೊಂದಕ್ಕೆ ಈ ಹೆಸರನ್ನೇ ಇಟ್ಟರು. 1801ರಲ್ಲಿ ನಮ್ಮ ಕೆನರಾ ಸೀಮೆಯಲ್ಲಿ ಸಂಚರಿಸಿ ಇಲ್ಲಿಯ ಗದ್ದೆ, ತೋಟ, ಗೇಣಿಗಳ ವಿವರ ಬರೆದಿಟ್ಟವರೂ ಇದೇ ಬುಕಾನನ್. ನಮ್ಮ ಗದ್ದೆಯ ಬದಿಯ ತೋಡುಗಳಲ್ಲೂ ಅದರ ಅಣ್ಣತಮ್ಮನಂಥ ಮೀನು ಇತ್ತು, ಆದರೆ ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1846ರಲ್ಲಿ, ಮುಂಬಯಿಯಿಂದ ಹೋದ ಮಾದರಿಗಳನ್ನು ನೋಡಿ ಫ್ರಾನ್ಸಿನ ವಲೆನ್ಸಿಯೆನ್ ಅದನ್ನು ವಿವರಿಸಿದಾಗ. ಲಿನಿಯೇಟಸ್ ಎಂದರೆ ಗೆರೆಗಳುಳ್ಳದ್ದು.

ಈಗ ಬಾವಿಕಟ್ಟೆಗೆ ಬನ್ನಿ. ಬಿಸಿಲು ನೆತ್ತಿಗೆ ಬಂದಾಗ, ಅಂದರೆ ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ ಬಗ್ಗಿ ನೋಡಿ. ಮೋಡ ಕವಿದಿದ್ದರೆ ಟಾರ್ಚ್ ಹಿಡಿಯಿರಿ. ಮೀನಿನ ಎರಡು ಕಣ್ಣುಗಳ ನಡುವೆ, ತುಸು ಹಿಂದಕ್ಕೆ, ನೆತ್ತಿಯ ಮಧ್ಯದಲ್ಲಿ ಬೆಳ್ಳಿಯ ಬೊಟ್ಟು ಕಾಣುತ್ತದೆ. ಇದು ಚರ್ಮದ ಬಿಳಿ ಬಣ್ಣವಲ್ಲ, ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಜೀವಕೋಶಗಳ ಗುಂಪು. ಅದಕ್ಕೇ ಮೀನು ತಿರುಗಿದಂತೆಲ್ಲ ಚುಕ್ಕೆ ಒಮ್ಮೆ ಮಿಂಚಿ ಒಮ್ಮೆ ಮಂಕಾಗುತ್ತದೆ. ಆ ಜಾಗದ ಅಡಿಯಲ್ಲಿ ಪಿನಿಯಲ್ ಗ್ರಂಥಿ ಇದೆ. ಹಗಲು ಇರುಳಿನ ಬೆಳಕನ್ನು ಗ್ರಹಿಸುವ ಅಂಗ ಅದು. ಒಂದೇ ಸೆಂಟಿಮೀಟರ್ ಉದ್ದದ ಮರಿಗೂ ಈ ಬೊಟ್ಟು ಇರುತ್ತದೆ. ಉಳಿದ ದೇಹ ಕೆಸರು ಬಣ್ಣದ ನೀರಲ್ಲಿ ಕರಗಿಹೋಗಿದ್ದಾಗಲೂ ಬೊಟ್ಟು ಮಾತ್ರ ತೇಲುತ್ತಿರುವಂತೆ ಕಾಣುವುದು ಇದರಿಂದಲೇ. ಗಂಬೂಸಿಯಾಕ್ಕೂ ಗಪ್ಪಿಗೂ ಇಂಥ ಹೊಳೆಯುವ ಬೊಟ್ಟಿಲ್ಲ. ಬಾವಿಯ ಮಟ್ಟಿಗೆ ಈ ಒಂದು ಲಕ್ಷಣವೇ ಹೆಚ್ಚುಕಡಿಮೆ ಸಾಕು.

ಆದರೂ ಒಂದೇ ಗುರುತನ್ನು ನಂಬಿ ಮೀನಿಗೆ ಹೆಸರಿಡಬಾರದು. ನೀವು ಮಾಡಿದ ಹಾಗೆ ಒಂದನ್ನು ಹಿಡಿದು ಬಾಟಲಿಗೆ ಹಾಕಿ, ಹಿಂದೆ ಬಿಳಿ ಕಾಗದ ಇಟ್ಟು ಅಡ್ಡದಿಂದ ನೋಡಬೇಕು. ಹಿಡಿಯಲು ಬಲೆ ಬೇಕಿಲ್ಲ. ತೋಡಿನಲ್ಲಾದರೆ ಹಳೆಯ ಬೈರಾಸಿನ (ಟವೆಲಿನ) ಎರಡು ತುದಿ ಒಬ್ಬರು, ಎರಡು ತುದಿ ಇನ್ನೊಬ್ಬರು ಹಿಡಿದರೆ ಮುಗಿಯಿತು. ನಾವು ಶಾಲೆಗೆ ಹೋಗುತ್ತಿದ್ದಾಗ ಹೀಗೇ ಹಿಡಿಯುತ್ತಿದ್ದೆವು. ಬಾವಿಯಲ್ಲಿ ಕೊಡಪಾನವನ್ನು ಸದ್ದಾಗದಂತೆ ಇಳಿಸಿ, ನೀರಿನ ಮಟ್ಟಕ್ಕೆ ಬಾಯಿ ಬರುವಂತೆ ವಾರೆಯಾಗಿ ನಿಲ್ಲಿಸಿ, ಎರಡು ಅನ್ನದ ಅಗುಳು ಹಾಕಿ ಕಾಯಿರಿ. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ. ಪಂಚಾಕ್ಸ್ ಎಗರುವುದರಲ್ಲಿ ಬಲು ಚುರುಕು, ಬಟ್ಟೆ ಇಲ್ಲದಿದ್ದರೆ ಅಂಗಳದಲ್ಲಿ ಬಿದ್ದಿರುತ್ತದೆ.

ಅಡ್ಡದಿಂದ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಅದರ ಬೆನ್ನು. ಮೂತಿಯಿಂದ ಹಿಡಿದು ಬೆನ್ನಿನ ರೆಕ್ಕೆಯವರೆಗೆ ಮರದ ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿದೆ. ತಲೆ ಮೇಲುಗಡೆ ಚಪ್ಪಟೆ. ಬಾಯಿ ಮುಂದಕ್ಕೆ ತೆರೆಯುವುದಿಲ್ಲ, ಮೇಲಕ್ಕೆ ತೆರೆಯುತ್ತದೆ, ಕೆಳದವಡೆ ಮೇಲ್ದವಡೆಗಿಂತ ಮುಂದೆ ಚಾಚಿದೆ. ನೀರಿನ ಮೇಲ್ಮೈಗೆ ತಲೆ ಅಂಟಿಸಿಕೊಂಡು ಬದುಕುವ ಮೀನಿಗೆ ಬೇಕಾದ ಮೈಕಟ್ಟು ಇದೇ.

ಎರಡನೆಯದು ರೆಕ್ಕೆಗಳ ಜಾಗ. ಬಹಳ ಜನ ಬಣ್ಣ ನೋಡುತ್ತಾರೆ, ಆದರೆ ಬಣ್ಣ ನೀರಿಗೆ ತಕ್ಕಂತೆ ಬದಲಾಗುತ್ತದೆ, ಹೆದರಿದ ಮೀನು ನಿಮಿಷದೊಳಗೆ ಬಿಳಿಚಿಕೊಳ್ಳುತ್ತದೆ. ರೆಕ್ಕೆಯ ಜಾಗ ಬದಲಾಗುವುದಿಲ್ಲ. ಪಂಚಾಕ್ಸ್‌ನ ಬೆನ್ನಿನ ಈಜುರೆಕ್ಕೆ ತೀರಾ ಚಿಕ್ಕದು, ಬೆನ್ನಿನ ನಡುವಿನಲ್ಲಿಲ್ಲ, ಬಾಲದ ಹತ್ತಿರಕ್ಕೆ ಸರಿದುಕೊಂಡಿದೆ. ಹೊಟ್ಟೆಯ ಕೆಳಗೆ ಗುದದ ಹಿಂದಿನ ರೆಕ್ಕೆಯೋ ಉದ್ದನೆಯದು, ಅದರಲ್ಲಿ ಹದಿನೈದರಷ್ಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಡ್ಡಿಗಳಿರುತ್ತವೆ. ಕೆಳಗಿನ ಈ ಉದ್ದ ರೆಕ್ಕೆ ಮುಗಿಯುತ್ತಾ ಬರುವಲ್ಲಿ ಮೇಲಿನ ಪುಟ್ಟ ರೆಕ್ಕೆ ಶುರುವಾಗುತ್ತದೆ. ನಿಮ್ಮ ಚಿತ್ರದ ಮೇಲೆ ಬೆನ್ನಿನ ರೆಕ್ಕೆಯ ಬುಡದಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಗುದದ ರೆಕ್ಕೆಯ ಹೆಚ್ಚಿನ ಭಾಗ ಆ ಗೆರೆಗಿಂತ ಮುಂದೆ, ತಲೆಯ ಕಡೆಗೆ ಉಳಿಯುತ್ತದೆ. ಹೀಗೆ ಉಳಿದರೆ ಅದು ಪಂಚಾಕ್ಸ್ ಕುಲ.

ಇನ್ನು ಜಾತಿಯ ಗುರುತು. ನಿಮ್ಮ ಬಾಟಲಿಯ ಮೀನಿನ ಹಿಂಭಾಗದ ಅರ್ಧದಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳಿವೆ. ನಾನು ಏಳು ಎಣಿಸಿದೆ. ಬೆನ್ನಿನ ರೆಕ್ಕೆಯ ಬುಡದಲ್ಲಿ ಮಸಿ ತಾಗಿದಂಥ ಕಪ್ಪು ಕಲೆಯೂ ಇದೆ. ರೆಕ್ಕೆಗಳು ಗುಂಡಗಿವೆ, ಹೊಟ್ಟೆ ತುಂಬಿಕೊಂಡಿದೆ. ಇವು ಪಟ್ಟೆ ಪಂಚಾಕ್ಸ್‌ನ ಹೆಣ್ಣಿನ ಲಕ್ಷಣಗಳು. ಗಂಡಿನಲ್ಲಿ ಪಟ್ಟೆಗಳು ಮಸುಕು, ಕೆಲವದರಲ್ಲಿ ಇಲ್ಲವೇ ಇಲ್ಲ. ಅದರ ಬದಲು ಒಂದೊಂದು ಹುರುಪೆಯ ಮೇಲೂ ಬಂಗಾರದ ಬೊಟ್ಟು ಸಾಲುಸಾಲಾಗಿ ಮೈಯುದ್ದಕ್ಕೂ ಹೋಗುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಬಂಗಾರ ಹಸಿರಾಗುತ್ತದೆ. ಬಾಲದ ಅಂಚಿಗೆ ಕೆಂಪು, ರೆಕ್ಕೆಗಳಿಗೆ ಹಳದಿ, ಅದರ ಮೇಲೆ ಕೆಂಪು ಚುಕ್ಕೆ. ಗುದದ ರೆಕ್ಕೆಯ ಹಿಂತುದಿ ಚೂಪು. ಚೆನ್ನಾಗಿ ಬೆಳೆದ ಗಂಡು ಹತ್ತು ಸೆಂಟಿಮೀಟರ್‌ವರೆಗೂ ಹೋಗುತ್ತದೆ, ಆದರೆ ನಮ್ಮ ತೋಡುಗಳಲ್ಲಿ ಆರೇಳು ಸೆಂಟಿಮೀಟರಿನದೇ ಹೆಚ್ಚು. ಅಕ್ವೇರಿಯಂ ಅಂಗಡಿಯಲ್ಲಿ ‘ಗೋಲ್ಡನ್ ವಂಡರ್’ ಎಂದು ಮಾರುವ ಹಳದಿ ಮೀನು ಇದೇ ಜಾತಿಯದು, ಸಾಕಿ ಸಾಕಿ ಬಣ್ಣ ಆರಿಸಿದ್ದು. ಅಂಗಡಿಯಲ್ಲಿ ಕಾಸು ಕೊಟ್ಟು ತರುವ ಆ ಮೀನಿನ ಮೂಲಬಳಗ ನಿಮ್ಮ ಬಾವಿಯಲ್ಲೇ ಇದೆ.

ಇದೇ ಕುಲದ ಇನ್ನೊಂದು ಮೀನು ಕಿರಿ ಪಂಚಾಕ್ಸ್, ಅಪ್ಲೊಕೈಲಸ್ ಬ್ಲೊಕಿಯೈ. ಅದಕ್ಕೂ ಹಣೆಬೊಟ್ಟು ಇದೆ. ಐದು ಸೆಂಟಿಮೀಟರಿನ ಆಸುಪಾಸಿಗೆ ಅದರ ಬೆಳವಣಿಗೆ ನಿಲ್ಲುತ್ತದೆ, ಹೆಣ್ಣಿಗೆ ಬೆನ್ನುರೆಕ್ಕೆಯ ಬುಡದ ಕಪ್ಪು ಕಲೆ ಇದ್ದರೂ ಮೈಮೇಲೆ ಸಾಲು ಪಟ್ಟೆಗಳಿಲ್ಲ. ನಿಮ್ಮದಕ್ಕೆ ಏಳು ಪಟ್ಟೆ ಸ್ಪಷ್ಟವಾಗಿರುವುದರಿಂದ ಆ ಅನುಮಾನ ಬೇಡ.

ಈಗ ಗಂಬೂಸಿಯಾ. ಪಕ್ಕದ ಮನೆಯವರಿಗೆ ಇದನ್ನು ತೋರಿಸಿಯೇ ಹೇಳಬೇಕಾಗುತ್ತದೆ, ಯಾಕೆಂದರೆ ಮೇಲಿನಿಂದ ನೋಡಿದಾಗ ಎರಡೂ ಚಪ್ಪಟೆ ತಲೆಯ, ಬೂದು ಬಣ್ಣದ ಪುಟ್ಟ ಮೀನುಗಳೇ. ಗಂಬೂಸಿಯಾದ ಬೆನ್ನಿನ ರೆಕ್ಕೆ ಹೆಚ್ಚುಕಡಿಮೆ ಬೆನ್ನಿನ ನಡುವಿನಿಂದ ತುಸು ಹಿಂದೆ ಎದ್ದು ನಿಂತಿರುತ್ತದೆ. ಗುದದ ರೆಕ್ಕೆ ಗಿಡ್ಡ, ಹತ್ತರ ಆಸುಪಾಸು ಕಡ್ಡಿಗಳು. ಮೈಗೆ ಪಟ್ಟೆ ಇಲ್ಲ, ಬಂಗಾರ ಇಲ್ಲ, ಬರೀ ಬೂದು. ಬಾಲದ ರೆಕ್ಕೆ ಗುಂಡಗೆ, ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳ ಸಾಲು. ಹೆಣ್ಣು ಬಸುರಿಯಾಗಿದ್ದರೆ ಹೊಟ್ಟೆಯ ಹಿಂಭಾಗದಲ್ಲಿ, ಗುದದ್ವಾರದ ಮೇಲೆ ಕಪ್ಪು ಮಚ್ಚೆ ಕಾಣುತ್ತದೆ. ಗಂಡಿನ ಗುದದ ರೆಕ್ಕೆ ರೆಕ್ಕೆಯಂತೆಯೇ ಇಲ್ಲ, ಬೆಂಕಿಕಡ್ಡಿಯಂತೆ ಉದ್ದಕ್ಕೆ ಚೂಪಾಗಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಅದು ಕೂಡುವ ಅಂಗ. ಗಂಬೂಸಿಯಾ, ಗಪ್ಪಿ ಎರಡೂ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಆದ್ದರಿಂದ ಗುದದ ರೆಕ್ಕೆ ಕಡ್ಡಿಯಂತಿರುವ ಗಂಡು ಬಾವಿಯಲ್ಲಿ ಸಿಕ್ಕಿದರೆ ಅದು ಹೊರಗಿನಿಂದ ತಂದು ಬಿಟ್ಟ ಮೀನು. ಗಂಡು ಗಪ್ಪಿಯನ್ನು ಅದರ ಬಣ್ಣದ ಬಾಲದಿಂದಲೇ ಮಕ್ಕಳೂ ಗುರುತಿಸುತ್ತಾರೆ, ಅದಕ್ಕೆ ಹೆಚ್ಚು ವಿವರಣೆ ಬೇಡ.

ಕಡ್ಡಿಯಂಥ ರೆಕ್ಕೆಯ ಈ ನಿಯಮಕ್ಕೆ ಒಂದು ಅಪವಾದ ಇದೆ, ನನಗೆ ಬಹಳ ಇಷ್ಟದ ಅಪವಾದ. ಮುಂಬಯಿಯಿಂದ ಕೇರಳದವರೆಗಿನ ಅಳಿವೆಗಳ ಸವಳು ನೀರಿನಲ್ಲಿ ಹೊರೈಕ್ತಿಸ್ ಸೆಟ್ನಾಯ್ ಎಂಬ ಮೀನಿದೆ. ಈಗ ಅದನ್ನು ಒರೈಜಿಯಸ್ ಕುಲಕ್ಕೆ ಸೇರಿಸಿದ್ದಾರೆ. ಸಿ.ವಿ. ಕುಲಕರ್ಣಿ ಎಂಬ ವಿಜ್ಞಾನಿ 1940ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದರು. ಮೂರು ಸೆಂಟಿಮೀಟರ್ ಕೂಡ ಇಲ್ಲದ, ಆಚೆಬದಿ ಕಾಣುವಷ್ಟು ಪಾರದರ್ಶಕ ಮೀನು. ಅದರ ಗಂಡಿಗೂ ಕೂಡುವ ಅಂಗವಾಗಿ ಮಾರ್ಪಟ್ಟ ಗುದರೆಕ್ಕೆ ಇದೆ, ಆದರೆ ಹೆಣ್ಣು ಮರಿ ಹಾಕದೆ ಮೊಟ್ಟೆಯನ್ನೇ ಇಡುತ್ತದೆ. ನಿಮ್ಮ ಸಿಹಿನೀರಿನ ಬಾವಿಗೆ ಅದು ಬರುವುದಿಲ್ಲ. ಆದರೂ ಕೋಡಿಬೆಂಗ್ರೆ ಕಡೆ ಸುವರ್ಣೆ, ಸೀತೆ ನದಿಗಳು ಕಡಲು ಸೇರುವ ಅಳಿವೆಯ ಸುತ್ತಮುತ್ತ ಗಾಜಿನ ಚೂರಿನಂಥ ಮರಿಮೀನು ಕಂಡರೆ ಗಂಬೂಸಿಯಾ ಎಂದು ಆತುರಪಡಬೇಡಿ.

ಬೇರೆ ಪುಟ್ಟ ಮೀನುಗಳೊಡನೆ ಗೊಂದಲ ಕಡಿಮೆ. ಬಾಲದ ಬುಡಕ್ಕಿಂತ ತುಸು ಮುಂದೆ ಒಂದೇ ದೊಡ್ಡ ಕಪ್ಪು ಚುಕ್ಕೆ, ಬಾಲದ ಎರಡು ತುದಿಗೆ ಕೆಂಪು ಕಪ್ಪು ಇರುವುದು ಗೆಂಡೆಯ ಬಳಗದ ಡಾಕಿನ್ಸಿಯಾ. ಮೈಯುದ್ದಕ್ಕೂ ನೀಲಿ ಹಳದಿ ಗೆರೆ ಓಡಿದ್ದು, ಹರಿಯುವ ತೋಡಿನಲ್ಲಿ ಗುಂಪಾಗಿ ಈಜುವುದು ಮಲಬಾರ್ ಡೇನಿಯೊ. ಎರಡಕ್ಕೂ ಬಾಲ ಕವಲೊಡೆದಿರುತ್ತದೆ, ಪಂಚಾಕ್ಸ್‌ನ ಬಾಲ ಕವಲಲ್ಲ.

ಆ ಬೊಟ್ಟಿರುವ ಚಪ್ಪಟೆ ತಲೆಯಲ್ಲಿ ಇನ್ನೊಂದು ಅದ್ಭುತವಿದೆ. ಇದನ್ನು ನೀವು ಬಾವಿಕಟ್ಟೆಯಲ್ಲೇ ನಿಂತು ನೋಡಬಹುದು. ಬೈಹುಲ್ಲಿನ ಒಂದು ಸಣ್ಣ ಚೂರನ್ನು ಮೀನಿನ ಹಿಂದುಗಡೆ, ಅದರ ಕಣ್ಣಿಗೆ ಕಾಣದ ಕಡೆ ನೀರಿನ ಮೇಲೆ ಬೀಳಿಸಿ. ಬಿದ್ದ ಕ್ಷಣಕ್ಕೇ ಮೀನು ತಿರುಗಿ ನೇರ ಅದರತ್ತ ಹೋಗುತ್ತದೆ. ಕಡ್ಡಿ ಎಂದು ಗೊತ್ತಾದರೆ ಉಗುಳುತ್ತದೆ. ಒಮ್ಮೆ ನಮ್ಮ ಅಕ್ಕನ ಮನೆಯ ಬಾವಿಯಲ್ಲಿ ನಾನು ಸುಮಾರು ಒಂದು ಗಂಟೆ ಇದನ್ನೇ ನೋಡುತ್ತ ಕೂತಿದ್ದೆ. ಬಾವಿಯ ಬದಿಯ ಮಲ್ಲಿಗೆ ಗಿಡದಿಂದ ಒಂದು ದಳ ಬಿತ್ತು. ಮೂರು ಮೀನು ಒಟ್ಟಿಗೆ ಬಂದವು. ಮುಂದಿನದು ದಳವನ್ನು ಬಾಯಲ್ಲಿ ಹಿಡಿದು ಬಿಟ್ಟಿತು, ಹಿಂದಿನ ಎರಡು ಅಲ್ಲಿಂದಲೇ ತಿರುಗಿದವು. ಸ್ವಲ್ಪ ಹೊತ್ತಿಗೆ ಅದೇ ಗಿಡದಿಂದ ಒಂದು ಕೆಂಜಿರುವೆ ಜಾರಿ ಬಿತ್ತು. ಬಿದ್ದ ಇರುವೆ ಕಾಲು ಬಡಿಯಿತು, ನೀರಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಳೆಗಳು ಎದ್ದವು. ದಳ ಬಿದ್ದಾಗ ಕದಲದೆ ಇದ್ದ ದೂರದ ದೊಡ್ಡ ಗಂಡು ಆ ಬಳೆಗಳ ನಡುವಿಗೇ ಬಂದು ಬಾಯಿ ಹಾಕಿತು. ಇರುವೆ ಇಲ್ಲ.

ಅದಕ್ಕೆ ಇರುವೆ ಕಂಡಿದ್ದು ಕಣ್ಣಿನಿಂದ ಮಾತ್ರವಲ್ಲ. ತಲೆಯ ಮೇಲುಗಡೆ, ಒಂದೊಂದು ಬದಿಗೆ ಒಂಬತ್ತರಂತೆ ಹದಿನೆಂಟು ಸೂಕ್ಷ್ಮ ಸಂವೇದಕಗಳಿವೆ. ನೀರಿನ ಮೇಲ್ಮೈಯ ಅಲೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂಬುದನ್ನು ಇವು ಅಳೆಯುತ್ತವೆ. ಜರ್ಮನಿಯ ವಿಜ್ಞಾನಿಗಳು ನಮ್ಮ ಈ ಪಟ್ಟೆ ಪಂಚಾಕ್ಸನ್ನೇ ಇಟ್ಟುಕೊಂಡು ಅಲೆ ಗ್ರಹಿಸುವ ಶಕ್ತಿಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ನಾವು ಬೈರಾಸಿನಲ್ಲಿ ಹಿಡಿದು ಆಟವಾಡಿ ಬಿಟ್ಟ ಮೀನು ಅಲ್ಲಿ ಪಾಠವಾಗಿದೆ.

ಸೊಳ್ಳೆಯ ವಿಷಯಕ್ಕೂ ಇದೇ ಮುಖ್ಯ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಮಲಗಿದಂತೆ ತೇಲುತ್ತವೆ. ಕ್ಯೂಲೆಕ್ಸ್ ಮರಿಗಳು ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತವೆ. ಎರಡಕ್ಕೂ ಉಸಿರಾಡಲು ಮೇಲ್ಮೈಗೆ ಬಂದೇ ತೀರಬೇಕು. ಅಲ್ಲಿಯೇ ಬಾಯಿ ಮೇಲೆ ಮಾಡಿಕೊಂಡು ಕಾಯುವ ಮೀನು ಪಂಚಾಕ್ಸ್. ಸೊಳ್ಳೆಮರಿ ತಿನ್ನುವ ಮೀನುಗಳ ಪಟ್ಟಿಯಲ್ಲಿ ಈ ಕುಲದ ಹೆಸರು ಹಿಂದಿನಿಂದಲೂ ಇದೆ.

ಆಶಾ ಕಾರ್ಯಕರ್ತೆಯ ಕಾಳಜಿ ಸುಳ್ಳಲ್ಲ. ಮಂಗಳೂರು ಕಂಡ ಮಲೇರಿಯಾವನ್ನು ಮರೆಯಲಾಗದು. 1990ರ ದಶಕದಿಂದ ಕಟ್ಟಡಗಳು ಏಳುತ್ತಾ ಹೋದಂತೆ ಕಾಂಕ್ರೀಟಿಗೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಬಳಸದೆ ಬಿಟ್ಟ ಬಾವಿ ಎಲ್ಲವೂ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆಗೆ ತೊಟ್ಟಿಲಾದವು. ಈ ಸೊಳ್ಳೆಗೆ ಚರಂಡಿ ನೀರು ಬೇಡ, ಸ್ವಚ್ಛ ನೀರೇ ಬೇಕು. ಮೀನು ಬಿಟ್ಟು ಸೊಳ್ಳೆ ತಡೆಯುವುದು ಒಳ್ಳೆಯ ಉಪಾಯ, ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿ ಬಿಟ್ಟು ಒಳ್ಳೆಯ ಫಲ ಕಂಡ ಉದಾಹರಣೆಯೂ ಇದೆ. ಮೀನೇ ಇಲ್ಲದ, ಹೊಳೆ ತೋಡಿಗೆ ಸಂಪರ್ಕವಿಲ್ಲದ ಸಿಮೆಂಟ್ ತೊಟ್ಟಿಗೆ ಅದನ್ನು ಬಿಟ್ಟರೆ ನನ್ನ ತಕರಾರಿಲ್ಲ. ನಿಮ್ಮ ಬಾವಿಯ ಸಂಗತಿ ಬೇರೆ. ನಮ್ಮಲ್ಲಿ ಮಳೆ ಬಂದರೆ ಬಾವಿ ತುಂಬಿ ಗದ್ದೆಗೆ ಹರಿಯುತ್ತದೆ, ಗದ್ದೆ ತೋಡಿಗೆ, ತೋಡು ಹೊಳೆಗೆ. ಕರಾವಳಿಯಲ್ಲಿ ಬಾವಿಗೆ ಬಿಟ್ಟ ಮೀನು ಹೊಳೆಗೆ ಬಿಟ್ಟ ಹಾಗೆಯೇ.

ಗಂಬೂಸಿಯಾ ಮೂಲತಃ ಮೆಕ್ಸಿಕೊ ಕೊಲ್ಲಿಗೆ ನೀರು ಹರಿಯುವ ಅಮೆರಿಕದ ಪ್ರದೇಶದ್ದು. ಸೊಳ್ಳೆಯ ವಿರುದ್ಧ ಅದನ್ನು ದೇಶದಿಂದ ದೇಶಕ್ಕೆ ಒಯ್ದರು, ಭಾರತಕ್ಕೆ 1928ರಲ್ಲಿ ಇಟಲಿಯಿಂದ ಬಂತು. ಒಂದು ಬಸುರಿ ಹೆಣ್ಣು ಹೊಸ ನೀರಿಗೆ ಬಂದರೆ ಸಾಕು, ಗಂಡಿನ ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ, ಸುಮಾರು ತಿಂಗಳಿಗೊಮ್ಮೆ, ಒಂದು ಸಲಕ್ಕೆ ಹತ್ತಾರು. ಪಂಚಾಕ್ಸ್ ಹೆಣ್ಣು ದಿನಕ್ಕೆ ನಾಲ್ಕಾರು ಮೊಟ್ಟೆಗಳನ್ನು ನೀರಲ್ಲಿ ಇಳಿದ ಬೇರಿಗೆ, ಪಾಚಿಗೆ ಅಂಟಿಸುತ್ತದೆ. ಸಾಸಿವೆ ಕಾಳಿನಷ್ಟು ಗಾತ್ರದ ಆ ಮೊಟ್ಟೆ ಒಡೆಯಲು ಎರಡು ವಾರ ಬೇಕು. ಆ ಎರಡು ವಾರ ಗಂಬೂಸಿಯಾಕ್ಕೆ ಊಟ. ಅದು ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡುವುದಿಲ್ಲ, ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಜಗತ್ತಿನ ಅತ್ಯಂತ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಇದನ್ನು ಓದಿ ಮಾತ್ರ ತಿಳಿದುಕೊಂಡು ಹೇಳುತ್ತಿಲ್ಲ. ಓದು ಮುಗಿಸಿದ ಹೊಸದರಲ್ಲಿ ಅಮ್ಮನ ಊರಿನ ಮದಗಕ್ಕೆ ನಾನೇ ಒಂದು ಪ್ಲಾಸ್ಟಿಕ್ ಚೀಲ ತುಂಬ ಗಂಬೂಸಿಯಾ ತಂದು ಬಿಟ್ಟೆ. ಊರಿಗೆ ಉಪಕಾರವಾಗುತ್ತದೆ ಎಂದೇ ನಂಬಿದ್ದೆ. ಆ ಮದಗದಲ್ಲಿ ತಾವರೆ ಎಲೆಗಳ ನಡುವೆ ಬೆಳ್ಳಿ ಬೊಟ್ಟುಗಳು ಸಂಜೆಯವರೆಗೂ ಮಿಣುಗುತ್ತಿದ್ದವು. ಮೂರನೆಯ ವರ್ಷ ಆಟಿ ತಿಂಗಳಲ್ಲಿ ಹೋದಾಗ ಒಂದು ಬದಿಯಿಂದ ಇನ್ನೊಂದು ಬದಿಗೆ ಬೈರಾಸು ಎಳೆದೆವು. ಬಂದದ್ದೆಲ್ಲ ಬೂದು ಮೀನು. ಒಂದೇ ಒಂದು ಹೆಣ್ಣು ಪಂಚಾಕ್ಸ್ ಸಿಕ್ಕಿತು, ಅದರ ಬಾಲದ ಅರ್ಧ ಇರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದು ನಿಂತದ್ದು ನನಗೆ ಈಗಲೂ ನೆನಪಿದೆ. ಅಂದಿನಿಂದ ಯಾರು ಕೇಳಿದರೂ ಬಿಡುವ ಮೊದಲು ಇರುವುದು ಯಾವುದು ನೋಡಿ ಎನ್ನುತ್ತೇನೆ. ನೀವು ಬಿಡುವ ಮೊದಲೇ ಕೇಳಿದಿರಿ, ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮಾವ ಹೇಳಿದ ಮಾತಿಗೆ ಬರುತ್ತೇನೆ. ಮಳೆಯ ಹನಿಯ ಜತೆ ಮೀನು ಬೀಳಲಿಲ್ಲ, ಆದರೆ ಮಳೆಯೇ ಅದನ್ನು ತಂದಿರುವ ಸಾಧ್ಯತೆ ಹೆಚ್ಚು. ಜೋರು ಮಳೆಗೆ ತೋಡು ಉಕ್ಕಿ ಅಂಗಳದವರೆಗೆ ನೀರು ಬಂದರೆ ಮೇಲ್ಮೈಯಲ್ಲಿ ಈಜುವ ಈ ಮೀನು ಒಂದು ಅಂಗುಲ ನೀರಿನಲ್ಲೂ ದಾಟಿಕೊಂಡು ಬರುತ್ತದೆ. ಬಾವಿಕಟ್ಟೆ ಎತ್ತರವಾಗಿದ್ದರೆ, ತೋಡಿನ ನೀರು ತುಂಬಿದ ಕೊಡಪಾನದಲ್ಲಿ ಬೇರಿಗೆ ಅಂಟಿದ ಮೊಟ್ಟೆಯೂ ಬಂದಿರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಒಮ್ಮೆ ಕೇಳಿ ನೋಡಿ. ಮಾವನ ಮಾತಿನಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚೇ ಇದೆ.

ನೀರಿನ ಪ್ರಶ್ನೆ. ಮೀನು ಬದುಕಿದೆ ಎಂದರೆ ನೀರಿನಲ್ಲಿ ಕೀಟನಾಶಕದಂಥ ಘೋರ ವಿಷ ಸೇರಿಲ್ಲ ಎಂಬ ಮಟ್ಟಿಗೆ ನಂಬಬಹುದು. ರೋಗಾಣು ಇಲ್ಲವೆಂದು ಮೀನು ಹೇಳುವುದಿಲ್ಲ, ಅದಕ್ಕೆ ಅವುಗಳಿಂದ ತೊಂದರೆಯೂ ಇಲ್ಲ. ಮೀನಿದ್ದರೂ ಇಲ್ಲದಿದ್ದರೂ ತೆರೆದ ಬಾವಿಯ ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ, ಮಳೆಗಾಲದಲ್ಲಂತೂ ತಪ್ಪಿಸಬೇಡಿ. ಕೈಬೆರಳೆಣಿಕೆಯ ಮೀನುಗಳಿಂದ ನಿಮ್ಮ ನೀರು ಕೆಡುವುದಿಲ್ಲ.

ಬ್ಲೀಚಿಂಗ್ ಪುಡಿ ಹಾಕುವ ದಿನ ಮಾತ್ರ ಎಚ್ಚರ ಬೇಕು. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಪುಡಿ ಹಾಕುವುದು ವಾಡಿಕೆ. ಮನುಷ್ಯರಿಗೆ ಅದು ತೊಂದರೆಯಲ್ಲ, ಮೀನಿನ ಕಿವಿರನ್ನು ಆ ಕ್ಲೋರಿನ್ ಸುಟ್ಟುಬಿಡುತ್ತದೆ. ಹಿಂದಿನ ಸಂಜೆಯೇ ಸಿಕ್ಕಷ್ಟು ಮೀನುಗಳನ್ನು ಹಿಡಿದು, ಬಾವಿಯದೇ ನೀರು ತುಂಬಿದ ಅಗಲ ಬಾಯಿಯ ಟಬ್ಬಿನಲ್ಲಿ, ಮೇಲೆ ಹಳೆಯ ಸೀರೆ ಕಟ್ಟಿ ನೆರಳಲ್ಲಿಡಿ. ಪುಡಿ ಹಾಕಿ ಮೂರ್ನಾಲ್ಕು ದಿನ ಕಳೆದು ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ, ಮೊದಲು ಒಂದು ಮೀನನ್ನು ಬಾವಿಯ ನೀರಿರುವ ಬಕೆಟಿನಲ್ಲಿ ಅರ್ಧ ದಿನ ಇಟ್ಟು ನೋಡಿ. ಚೆನ್ನಾಗಿದ್ದರೆ ಉಳಿದವನ್ನು ಬಿಡಿ. ಬಾವಿಯ ಗೋಡೆಯ ಸಂದಿನಿಂದ ನೀರಿಗೆ ಇಳಿದ ಜರೀಗಿಡದ ಬೇರುಗಳನ್ನು ಪೂರ್ತಿ ಕಿತ್ತು ಹಾಕಬೇಡಿ. ಬಾವಿ ಚೊಕ್ಕ ಮಾಡುವವರು ಅದನ್ನೇ ಮೊದಲು ಕೀಳುತ್ತಾರೆ, ಆದರೆ ನಿಮ್ಮ ಮೀನು ಮೊಟ್ಟೆ ಅಂಟಿಸುವುದು ಅಲ್ಲೇ. ಒಂದು ಬದಿಯದನ್ನಾದರೂ ಉಳಿಸಿಕೊಳ್ಳಿ.

ಆಶಾ ಕಾರ್ಯಕರ್ತೆ ಮತ್ತೆ ಬಂದಾಗ ವಾದ ಮಾಡುವ ಅಗತ್ಯವಿಲ್ಲ, ಬಾವಿಕಟ್ಟೆಗೆ ಕರೆದುಕೊಂಡು ಹೋಗಿ. ಟಾರ್ಚ್ ಬೆಳಕಿನಲ್ಲಿ ಹಣೆಬೊಟ್ಟು ತೋರಿಸಿ. ಆಮೇಲೆ ಬಾವಿಯ 4 ಬದಿಯಿಂದ ಒಂದೊಂದು ಕೊಡ ನೀರು ಮೆಲ್ಲಗೆ ಎತ್ತಿ, ಬಿಳಿ ಬೇಸಿನಿಗೆ ಸುರಿದು ಇಬ್ಬರೂ ಹುಳು ಹುಡುಕಿ. ಸೊಳ್ಳೆಮರಿ ಇಲ್ಲದಿದ್ದರೆ ಅವರ ಕೆಲಸವೂ ಮುಗಿಯಿತು, ನಿಮ್ಮದೂ. ಮರಿ ಸಿಕ್ಕಿದರೆ ಬಾವಿಯಲ್ಲಿ ಮೀನಿನ ಸಂಖ್ಯೆ ಕಡಿಮೆಯಿದೆ ಎಂದರ್ಥ. ಆಗ ನಿಮ್ಮ ಮನೆಯ ಕೆಳಗಿನ ತೋಡಿನಿಂದಲೇ, ಬೇರೆ ಊರಿನದಲ್ಲ, ಏಳೆಂಟು ಪಂಚಾಕ್ಸ್ ಹಿಡಿದು ಹಾಕಿ. ಅದರಲ್ಲಿ ಪಟ್ಟೆ ಇರುವ ಹೆಣ್ಣು ಹೆಚ್ಚಿರಲಿ, ಬಂಗಾರದ ಬೊಟ್ಟಿನ ಗಂಡು ಎರಡಿದ್ದರೆ ಸಾಕು. ಬಾಟಲಿಯ ಚಿತ್ರದಲ್ಲಿ ನೀವು ಗಂಡನ್ನು ತೋರಿಸಿಲ್ಲ. ಮುಂದಿನ ಸಲ ಸಿಕ್ಕಿದರೆ ಬೆಳಗಿನ ಓರೆ ಬಿಸಿಲಿನಲ್ಲಿ ಇಟ್ಟು ಒಂದು ಚಿತ್ರ ತೆಗೆದು ಕಳಿಸಿ, ನಿಮ್ಮ ಕಡೆಯ ಗಂಡಿನ ಬಾಲದ ಅಂಚಿನ ಕೆಂಪು ಎಷ್ಟು ಗಾಢವಾಗಿದೆ ಎಂದು ನನಗೂ ನೋಡಬೇಕಾಗಿದೆ.